ಪಿಸ್ತೂಲಿಗಿಂತ ಶಿಕ್ಕಾ ಜೋರು

ಮಾನ್ಯ ಸಂಪಾದಕರೇ,

ರಷ್ಯದ ಕ್ರಾಂತಿಯಾದ ಹೊಸತರಲ್ಲಿ ದರೋಡೆಕೋರರೂ ಸರಕಾರಿ ಕಾರಕೂನರೂ ಎದುರುಬದುರಾಗುವ ಹಾಸ್ಯನಾಟಕ ಕಟ್ಟಲು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹವ್ಯಾಸಿ ತಂಡಗಳು ಮನಸ್ಸು ಮಾಡುವುದಾದರೆ ನಾವು ಹೇಳಬೇಕಾದ ಮಾತೊಂದಿದೆ. ಇಂಥ ನಾಟಕ ಬಹಳ ಸಲ ಕೆಡುವುದು ಇಸವಿಯಿಂದ. 1922ರ ಕತೆಯೊಳಗೆ ರಹಸ್ಯ ಪೊಲೀಸ್ ಆದ ಕೆ.ಜಿ.ಬಿ. ಅಧಿಕಾರಿ ನುಗ್ಗುತ್ತಾನೆ, ಗೋಡೆಯ ಮೇಲೆ ಸ್ಟಾಲಿನ್ ಫೋಟೊ ತೂಗುತ್ತದೆ, ಗೂಂಡಾನ ಹೆಗಲಿಗೆ ಎ.ಕೆ. 47 ಏರುತ್ತದೆ. ಕೆ.ಜಿ.ಬಿ. ಹುಟ್ಟಿದ್ದು 1954ರಲ್ಲಿ. ಆ ಬಂದೂಕು ಎರಡನೆಯ ಮಹಾಯುದ್ಧ ಮುಗಿದ ಮೇಲಿನದು. ನೋಡುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದು ಬಿಟ್ಟುಬಿಟ್ಟರೆ ನಾಟಕದ ಬೇರೇ ಹೋಗುತ್ತದೆ. ಸ್ಟಾಲಿನ್ ಕಾಲದ ಸರಕಾರ ಎಲ್ಲರಿಗೂ ಗುರುತಿತ್ತು, ಎಲ್ಲರೂ ಅಂಜುತ್ತಿದ್ದರು. 1922ರ ಸರಕಾರಕ್ಕೆ ಇನ್ನೂ ಮುಖ ಮೂಡಿರಲಿಲ್ಲ. ಯಾರ ಕಿಸೆಯಲ್ಲಿ ಶಿಕ್ಕಾ, ಎಂದರೆ ಮೊಹರು, ಇತ್ತೋ ಅವನೇ ಸರಕಾರ. ನಗೆ ಹುಟ್ಟುವುದು ಅಲ್ಲಿ.

ಇದಕ್ಕೆ ಇತಿಹಾಸದಲ್ಲೇ ಪ್ರಸಂಗಗಳಿವೆ. 1919ರ ಜನವರಿ 6ರ ಸಂಜೆ ಮಾಸ್ಕೋದ ಸೊಕೋಲ್ನಿಕಿ ಭಾಗದಲ್ಲಿ ಯಾಕೊವ್ ಕೊಶೆಲ್ಕೋವ್ ಎಂಬ ದರೋಡೆಕೋರನ ಗುಂಪು ಒಂದು ಕಾರನ್ನು ಅಡ್ಡಗಟ್ಟಿತು. ಒಳಗಿದ್ದವರು ಲೆನಿನ್, ಅವರ ತಂಗಿ ಮರಿಯಾ, ಚಾಲಕ ಗಿಲ್ ಮತ್ತು ಒಬ್ಬ ಅಂಗರಕ್ಷಕ. ಅಂಗರಕ್ಷಕನ ಕೈಯಲ್ಲಿ ಹಾಲಿನ ಕ್ಯಾನು. ಬ್ರೌನಿಂಗ್ ಪಿಸ್ತೂಲು, ಗುರುತಿನ ಕಾಗದ, ಕಾರು ಮೂರೂ ಹೋದವು. ಮುಂದಿನದು ಇನ್ನೂ ಸೊಗಸು. ಫೋನ್ ಮಾಡಲೆಂದು ಹತ್ತಿರದ ಸೋವಿಯತ್ (ಸ್ಥಳೀಯ ಆಡಳಿತ ಮಂಡಳಿ) ಕಚೇರಿಗೆ ನಡೆದು ಹೋದರೆ, ಪಾಸ್ ತೋರಿಸದೆ ಒಳಗೆ ಬಿಡುವುದಿಲ್ಲವೆಂದು ಕಾವಲುಗಾರ ಬಾಗಿಲಲ್ಲೇ ತಡೆದ. ದೇಶದ ಮುಖ್ಯಸ್ಥನ ಪಾಸು ಆಗ ಕಳ್ಳರ ಕಿಸೆಯಲ್ಲಿತ್ತು. ಚಾಲಕ ಗಿಲ್ ಇದನ್ನು ಬರೆದಿಟ್ಟಿದ್ದಾನೆ. ಲೆನಿನ್ ಕೂಡ 1920ರಲ್ಲಿ ರಾಜಿ ಎಂದರೇನು ಎಂದು ವಿವರಿಸುವಾಗ, ಡಕಾಯಿತರಿಗೆ ಹಣ, ಪಾಸ್‌ಪೋರ್ಟ್, ರಿವಾಲ್ವರ್, ಕಾರು ಕೊಟ್ಟು ಜೀವ ಉಳಿಸಿಕೊಳ್ಳುವ ಉದಾಹರಣೆಯನ್ನೇ ಎತ್ತಿಕೊಂಡರು.

ಪೆತ್ರೊಗ್ರಾದಿನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಲ್ಯೋಂಕಾ ಪಾಂತೆಲೇವ್ ಇನ್ನೊಬ್ಬ. ಮೊದಲು ರಹಸ್ಯ ಪೊಲೀಸ್ ಆದ ಚೆಕಾದಲ್ಲೇ ನೌಕರಿ, 1922ರ ಸುಮಾರಿಗೆ ವಜಾ. ಆಮೇಲೆ ಅವನ ಗುಂಪು ಜಡತಿಯ, ಎಂದರೆ ಮನೆ ಶೋಧಿಸುವ, ನಕಲಿ ಆದೇಶ ಹಿಡಿದು ಶ್ರೀಮಂತರ ಮನೆಗಳಿಗೆ ಹೋಗತೊಡಗಿತು. ಕಾಗದ ಕಂಡೊಡನೆ ಮನೆಯವರು ತಾವೇ ಕಪಾಟು ತೆರೆಯುತ್ತಿದ್ದರು. ಅದೇ ವರ್ಷ ಸಿಕ್ಕುಬಿದ್ದ, ನವೆಂಬರಿನಲ್ಲಿ ಕ್ರೆಸ್ತಿ ಜೈಲಿನಿಂದ ತಪ್ಪಿಸಿಕೊಂಡ, 1923ರ ಫೆಬ್ರವರಿಯಲ್ಲಿ ಗುಂಡಿಗೆ ಬಲಿಯಾದ. ಒಡೆಸ್ಸಾದ ಮಿಷ್ಕಾ ಯಪೋಂಚಿಕ್ ಅಂತೂ 1919ರಲ್ಲಿ ತನ್ನ ಕಳ್ಳರನ್ನೇ ಕೂಡಿಸಿ ಕೆಂಪು ಸೇನೆಯ ರೆಜಿಮೆಂಟ್ ಕಟ್ಟಿದ. ಅದಕ್ಕೆ 54 ಎಂಬ ಅಧಿಕೃತ ಸಂಖ್ಯೆಯೂ ಸಿಕ್ಕಿತು.

ಕಾಗದಕ್ಕೆ ಇಷ್ಟು ಬಲ ಬಂದದ್ದು ಯಾಕೆ ಎಂಬುದು ನಿರ್ದೇಶಕರಿಗೆ ಗೊತ್ತಿರಬೇಕು. ಹಳೆಯ ದರ್ಜೆ, ಪದವಿ, ಬಿರುದುಗಳೆಲ್ಲ 1917ರ ನವೆಂಬರಿನಲ್ಲೇ ರದ್ದಾದವು. ಕಚೇರಿಯಲ್ಲಿ ಕುಳಿತ ಕಾರಕೂನ ಬಹಳ ಕಡೆ ಜಾರ್ ಕಾಲದವನೇ, ಮೇಲಿನ ಅಧ್ಯಕ್ಷ ಕಾರ್ಖಾನೆಯಿಂದ ನೇರ ಬಂದವನು. ಅಕ್ಷರ ಕಲಿಸುವ ಆಜ್ಞೆ ಹೊರಟದ್ದು 1919ರ ಡಿಸೆಂಬರಿನಲ್ಲಿ, ಎಂದರೆ ಬಾಗಿಲು ಕಾಯುವವನಿಗೆ ಓದು ಬರುವ ಖಾತ್ರಿ ಇಲ್ಲ. ಓದಲು ಬಾರದವನು ನೋಡುವುದು ಶಿಕ್ಕಾವನ್ನು. ಆದ್ದರಿಂದ ಕಾರಕೂನನ ಪಾತ್ರವನ್ನು ಲಂಚಕೋರನಾಗಿ ಆಡಿಸಲೇಬಾರದು. ಲಂಚದ ಕಾರಕೂನನನ್ನು ನಮ್ಮ ಪ್ರೇಕ್ಷಕರು ನೂರು ನಾಟಕದಲ್ಲಿ ನೋಡಿದ್ದಾರೆ. ಈ ಕಾರಕೂನ ಪ್ರಾಮಾಣಿಕ, ಕಾಗದವನ್ನು ದೇವರಂತೆ ನಂಬಿದವನು. ಅವನು ನಂಬಿದಷ್ಟೂ ಗೂಂಡಾ ಸಿಕ್ಕಿಹಾಕಿಕೊಳ್ಳುತ್ತಾನೆ.

ಕಾಲವನ್ನು 1922ರ ಅಕ್ಟೋಬರ್–ನವೆಂಬರಿಗೆ ಕಟ್ಟಿಹಾಕಿದರೆ ಅನುಕೂಲ ಹೆಚ್ಚು. ಖಾಸಗಿ ವ್ಯಾಪಾರಕ್ಕೆ ಬಾಗಿಲು ತೆರೆದ ಹೊಸ ಆರ್ಥಿಕ ನೀತಿ 1921ರ ಮಾರ್ಚಿನಲ್ಲಿ ಬಂದಿದೆ, ಎಂದರೆ ದೋಚಲು ಸಾವ್ಕಾರರು ಮತ್ತೆ ಹುಟ್ಟಿದ್ದಾರೆ. 1922ರ ಫೆಬ್ರವರಿಯಲ್ಲಿ ಚೆಕಾ ಹೋಗಿ ಅದೇ ಕೆಲಸದ ಜಿ.ಪಿ.ಯು. ಆಗಿದೆ. ಊರು ಇನ್ನೂ ಪೆತ್ರೊಗ್ರಾದ್, ಲೆನಿನ್‌ಗ್ರಾದ್ ಆಗುವುದು 1924ರ ಜನವರಿಯಲ್ಲಿ. ಸೋವಿಯತ್ ಒಕ್ಕೂಟ ಎಂಬ ಹೆಸರೂ 1922ರ ಡಿಸೆಂಬರ್ 30ರವರೆಗೆ ಇಲ್ಲ. ಗೋಡೆಗೆ ಮಾರ್ಕ್ಸ್, ಲೆನಿನ್, ಟ್ರಾಟ್ಸ್ಕಿ ಚಿತ್ರಗಳು ಸಾಕು. ಕುಡಿತದ ದೃಶ್ಯಕ್ಕೆ ಲೇಬಲ್ ಅಂಟಿಸಿದ ವೋಡ್ಕಾ ಬಾಟಲಿ ತರಬೇಡಿ. ಸರಕಾರಿ 40 ಡಿಗ್ರಿ ವೋಡ್ಕಾ ಮತ್ತೆ ಮಾರಾಟಕ್ಕೆ ಬಂದದ್ದು 1925ರಲ್ಲಿ, ಅಲ್ಲಿಯವರೆಗೆ ಮನೆಯಲ್ಲೇ ಇಳಿಸಿದ ಕಳ್ಳಭಟ್ಟಿ. ‘ನಿನ್ನ ಪಾಸ್‌ಪೋರ್ಟ್ ತೋರಿಸು’ ಎಂಬ ಮಾತೂ ಬೇಡ. ಒಳನಾಡಿನ ಪಾಸ್‌ಪೋರ್ಟ್ ಪದ್ಧತಿ ಬಂದದ್ದು 1932ರ ಡಿಸೆಂಬರಿನಲ್ಲಿ.

ಇನ್ನು ಕಾಗದ ಮಾಡುವ ಬಗೆ. ಆಗ ಕಾಗದಕ್ಕೆ ಬರ. ಹಳೆಯ ಫಾರ್ಮು, ಲೆಕ್ಕದ ಪುಸ್ತಕದ ಹಾಳೆಗಳ ಹಿಂಬದಿಯಲ್ಲೇ ಆದೇಶ ಬರೆಯುತ್ತಿದ್ದರು. ಬಿಳಿ ಝೆರಾಕ್ಸ್ ಹಾಳೆ ದೀಪದ ಬೆಳಕಿಗೆ ಹೊಳೆದು ಸುಳ್ಳು ಎನಿಸುತ್ತದೆ. ಅಂಗಡಿಯ ಹಳೆಯ ಖಾತೆ ಪುಸ್ತಕದ ಹಾಳೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಎಡ ಮೇಲ್ತುದಿಯಲ್ಲಿ ಚೌಕ ಠಸ್ಸೆ: ಕಚೇರಿಯ ಹೆಸರು, ಶಾಖೆ, ತಾರೀಖು, ಜಾವಕ ನಂಬರು. ನಡುವೆ, ಈ ಪತ್ರ ತಂದ ಸಂಗಾತಿಗೆ (ಕಾಮ್ರೇಡ್‌ಗೆ) ಎಲ್ಲ ಕಚೇರಿಗಳೂ ನೆರವಾಗಬೇಕು ಎಂಬ ಒಕ್ಕಣೆ. ಕೆಳಗೆ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರ ಸಹಿ, ಸಹಿಯ ಮೇಲೆ ಅರ್ಧ ಕೂಡುವಂತೆ ದುಂಡು ಶಿಕ್ಕಾ. ಒಂದೇ ಸಹಿ ಇರುವ ಕಾಗದವನ್ನು ನಾಟಕದೊಳಗೆ ಬೇಕೆಂದೇ ಒಮ್ಮೆ ತನ್ನಿ. ಗೂಂಡಾ ಎರಡನೆಯ ಸಹಿಗಾಗಿ ಅಲೆಯುವುದೇ ಒಂದು ಅಂಕವಾಗುತ್ತದೆ.

ಶಿಕ್ಕಾ ನಿಜದ ಅಳತೆಯಲ್ಲಿದ್ದರೆ ಐದನೆಯ ಸಾಲಿನಾಚೆ ಕಾಣುವುದಿಲ್ಲ. 7–8 ಸೆಂಟಿಮೀಟರ್ ಅಗಲ ಮಾಡಿ. ಬಟಾಟೆಯಲ್ಲಿ ಕೆತ್ತಿದ್ದು ಸಂಜೆಯೊಳಗೆ ಬಾಡಿ ಅಂಚು ಸೊಟ್ಟಾಗುತ್ತದೆ, ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಬ್ಲೇಡಿನಿಂದ ಕೆತ್ತಿದರೆ ಹತ್ತಾರು ಪ್ರದರ್ಶನ ಬಾಳುತ್ತದೆ. ಅಕ್ಷರ ತಿರುವುಮುರುವಾಗಿ ಕೆತ್ತಬೇಕೆಂಬುದು ನೆನಪಿರಲಿ. ಮಸಿ ನೇರಳೆ. ಬಡಿಯುವ ಸದ್ದು ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಮೇಜಿನ ಮೇಲೆ ಒಂದು ಅಡಿ ಚೌಕದ ಪೊಳ್ಳು ಪ್ಲೈವುಡ್ ಪೆಟ್ಟಿಗೆ ಇಟ್ಟು ಅದರ ಮೇಲೆ ಬಡಿಯಿರಿ. ಕೆಳಗೆ ಜಮಖಾನೆ ಹಾಸಿದರೆ ಸದ್ದು ಸತ್ತುಹೋಗುತ್ತದೆ.

ಕಳ್ಳರು ಶಿಕ್ಕಾ ಕದಿಯುವ ಹಳೆಯ ಉಪಾಯ ರಂಗದ ಮೇಲೆ ಬಹಳ ಚೆನ್ನಾಗಿ ಒಪ್ಪುತ್ತದೆ. ಆಗತಾನೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಅಸಲಿ ಶಿಕ್ಕಾದ ಮೇಲೆ ಹೊರಳಿಸಿ, ಅದನ್ನೇ ಹೊಸ ಕಾಗದದ ಮೇಲೆ ಹೊರಳಿಸುವುದು. ಮೊಟ್ಟೆಯ ಮೇಲೆ ಉಲ್ಟಾ ಮೂಡಿದ್ದು ಕಾಗದದ ಮೇಲೆ ಸುಲ್ಟಾ ಆಗುತ್ತದೆ. ಇದು ನೀರಿನ ಮಸಿಗೆ ಮಾತ್ರ. ಎಣ್ಣೆ ಬೆರೆತ ಮಸಿ ಒಣಗಿದರೆ ಮೊಟ್ಟೆಗೆ ಹತ್ತುವುದೇ ಇಲ್ಲ. ಮೊಟ್ಟೆಯ ಮೈಮೇಲೆ ನೀರಿನ ಹನಿ ಉಳಿದಿದ್ದರೆ ಮಸಿ ಹರಡಿ ಶಿಕ್ಕಾ ಮೋಡದಂತಾಗುತ್ತದೆ, ಆದ್ದರಿಂದ ಬಟ್ಟೆಯಿಂದ ಒತ್ತಿ ಒರೆಸಬೇಕು. ಎರಡನೆಯ ಅಚ್ಚು ಮಂಕಾಗಿಯೇ ಬರುತ್ತದೆ. ಒಂದು ಪ್ರದರ್ಶನಕ್ಕೆ ಮೂರು ಮೊಟ್ಟೆ ಬಿಸಿನೀರಿನ ಡಬ್ಬಿಯಲ್ಲಿ ಸಿದ್ಧವಿರಲಿ. ಮಸಿ ಹತ್ತಿದ ಮೊಟ್ಟೆಯನ್ನು ಸಾಕ್ಷಿ ಮುಚ್ಚಲು ಗೂಂಡಾ ನುಂಗುವ ತಮಾಷೆ ಮಾಡುವುದಾದರೆ ಮಸಿಯ ಬದಲು ಬೀಟ್‌ರೂಟ್ ರಸ ಬಳಸಿ. ಕಾರಕೂನ ನಾಲಿಗೆಗೆ ಹಚ್ಚಿ ಬರೆಯುವ ನೇರಳೆ ಪೆನ್ಸಿಲ್ಲಿಗೂ ಇದೇ ಮಾತು. ಅದರ ಬಣ್ಣ ಹೊಟ್ಟೆಗೆ ಒಳ್ಳೆಯದಲ್ಲ.

ಹಣದ ಲೆಕ್ಕ ಬರೆದಿಟ್ಟುಕೊಳ್ಳದಿದ್ದರೆ ನಟರು ತಪ್ಪುವುದು ಖಂಡಿತ. 1922ರ ಹೊಸ ರೂಬಲ್ಲಿಗೆ ಹಳೆಯ 10,000 ರೂಬಲ್. 1923ರ ಒಂದು ರೂಬಲ್ಲಿಗೆ 1922ರ 100. ಹಾಗಾದರೆ ಹಳೆಯ ಒಂದು ಕೋಟಿ ಎಂದರೆ 1922ರ ಸಾವಿರ, 1923ರ ಹತ್ತು. 1924ರಲ್ಲಿ 1923ರ 50,000ಕ್ಕೆ ಒಂದು ಚಿನ್ನದ ರೂಬಲ್. ಕಳ್ಳ ಗೋಡೆಯೊಳಗೆ ಬಚ್ಚಿಟ್ಟ ಕೋಟಿ ಎರಡು ವರ್ಷಕ್ಕೆ ಒಂದು ಕೊಪೆಕ್ಕಿನ (ರೂಬಲ್ಲಿಗೆ ನೂರು ಕೊಪೆಕ್) ಐವತ್ತನೆಯ ಭಾಗಕ್ಕೆ ಇಳಿದಿರುತ್ತದೆ. ಚೀಲಗಟ್ಟಲೆ ದೋಚಿ ತಂದವನನ್ನು ಕಾರಕೂನ ‘ಇದು ಯಾವ ಇಸವಿಯ ರೂಬಲ್?’ ಎಂದು ಶಾಂತವಾಗಿ ಕೇಳಬೇಕು. ಕಾರಕೂನ ಲೆಕ್ಕ ಮಾಡುವ ಮಣಿಚೌಕಟ್ಟು ಮಕ್ಕಳ ಆಟದ್ದರಂತೆ ನಿಲ್ಲಿಸುವಂಥದ್ದಲ್ಲ. ಅಂಗಾತ ಮಲಗಿಸಿ, ಮಣಿಗಳನ್ನು ಬಲದಿಂದ ಎಡಕ್ಕೆ ಸರಿಸುವಂಥದ್ದು. ತಂತಿಗೆ ಹತ್ತು ಮಣಿ, ನಡುವಿನ ಎರಡು ಕಪ್ಪು, ಒಂದು ತಂತಿಗೆ ಮಾತ್ರ ನಾಲ್ಕು. ಲೆಕ್ಕ ಶುರುವಾಗುವ ಮುಂಚೆ ಅದನ್ನು ಎತ್ತಿ ಓರೆ ಮಾಡಿ ಎಲ್ಲ ಮಣಿಗಳನ್ನು ಝಳಕ್ಕನೆ ಬಲಕ್ಕೆ ತರುವ ಸದ್ದಿನಿಂದಲೇ ಕಾರಕೂನನ ಗತ್ತು ಗೊತ್ತಾಗಬೇಕು.

ನಮ್ಮ ಭಾಗದ ತಂಡಗಳಿಗೆ ಒಂದು ದೊಡ್ಡ ಅನುಕೂಲವಿದೆ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ‘ತಾವು ಯಾರು, ಯಾವ ಊರಿನವರು, ಬಂದ ಕಾರಣವೇನು’ ಎಂದು ಕೇಳುತ್ತಾನೆ. ಸೋವಿಯತ್ ಕಚೇರಿಯ ಪ್ರಶ್ನಾವಳಿಯೂ ಇದೇ ಚಾಲಿನದು. ಹೆಸರು, ಹುಟ್ಟಿದ ವರ್ಗ, ಪಕ್ಷ, ಕ್ರಾಂತಿಯ ಮುಂಚಿನ ಉದ್ಯೋಗ. ಅದೇ ಧಾಟಿಯಲ್ಲಿ ಆಡಿಸಿದರೆ ನಮ್ಮ ಪ್ರೇಕ್ಷಕರಿಗೆ ವಿವರಣೆಯೇ ಬೇಡ. ಮಾತೂ ನಮ್ಮ ಕಡೆಯದೇ ಇರಲಿ:

‘ಕ್ರಾಂತಿಕ್ಕಿಂತ ಮದ್ಲ ಏನ್ ಮಾಡತಿದ್ರಿ?’
‘ಜೇಲಿನ್ಯಾಗ ಇದ್ನಿರಿ.’
‘ಎಷ್ಟ ವರ್ಷ?’
‘ಹತ್ತ ವರ್ಷ ಹಾಕಿದ್ರು.’
‘ಏಳ್ರಿ ಮ್ಯಾಲ! ಸಂಗಾತಿಗೆ ಕುರ್ಚಿ ತರ್ರಿ!’

ಗೂಂಡಾ ಸುಳ್ಳು ಹೇಳಿಯೇ ಇಲ್ಲ. 1917ರ ಮಾರ್ಚಿನ ಕ್ಷಮಾದಾನದಲ್ಲಿ ರಾಜಕೀಯ ಕೈದಿಗಳ ಜೊತೆ ಕಳ್ಳರೂ ಸಾವಿರಗಟ್ಟಲೆ ಹೊರಬಂದಿದ್ದರು, ಕಾರಕೂನನಿಗೆ ಫರಕು ಗೊತ್ತಾಗುವ ದಾರಿಯಿಲ್ಲ. ಇಲ್ಲಿ ಗೂಂಡಾ ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿದರೆ ದೃಶ್ಯ ಅಲ್ಲೇ ಬೀಳುತ್ತದೆ. ಅವನೂ ಗಾಬರಿಯಿಂದಲೇ ಕುರ್ಚಿಯ ಮೇಲೆ ಕೂರಬೇಕು. ಕಚೇರಿಯ ಫಲಕಗಳನ್ನು ಕನ್ನಡದಲ್ಲೇ ಬರೆಸಿ, ಆಗಿನ ಪದ್ಧತಿಯಂತೆ ಮೊದಲಕ್ಷರ ಕೂಡಿಸಿ. ಜಿಲ್ಲಾ ಗೃಹ ಹಂಚಿಕೆ ಸಮಿತಿ ‘ಜಿಗೃಹಂಸ’ ಆಗಲಿ.

ಒಂದೇ ಮನೆಯಲ್ಲಿ ಹಲವು ಸಂಸಾರ ತುಂಬಿಸಿದ ಕಾಲವಾದ್ದರಿಂದ ಬಾಗಿಲ ಗಂಟೆಯನ್ನೂ ಬಳಸಿಕೊಳ್ಳಿ. ಒಬ್ಬರಿಗೆ ಒಂದು ಸಲ, ಇನ್ನೊಬ್ಬರಿಗೆ ಎರಡು, ಮತ್ತೊಬ್ಬರಿಗೆ ಮೂರು. ಎಣಿಕೆ ತಪ್ಪಿದ ದರೋಡೆಕೋರನ ಎದುರು ಬೇರೆಯ ಮನೆಯವರೇ ಬಂದು ನಿಲ್ಲುತ್ತಾರೆ. ಅಡುಗೆಮನೆಗೆ ಸಂಸಾರಕ್ಕೊಂದರಂತೆ ಹಿತ್ತಾಳೆಯ ಪಂಪ್ ಸ್ಟೋವ್ ಇಡಿ, ಹೊತ್ತಿಸಬೇಡಿ. ಚಳಿಗಾಲದ ಬೂಟು ಕುರುಬರ ಕಂಬಳಿಯನ್ನು ಎರಡು ಪದರ ಹೊಲಿದರೆ ಆಗುತ್ತದೆ, ಒಳಗೆ ಕ್ಯಾನ್ವಾಸ್ ಶೂ ಇರದಿದ್ದರೆ ನಟ ಜಾರುತ್ತಾನೆ.

ಪಿಸ್ತೂಲು ಕೊನೆಯ ಮಾತು. ಆ ಕಾಲದ್ದು ನಗಾಂತ್ ರಿವಾಲ್ವರ್, 1895ರ ಮಾದರಿ, ಆರಲ್ಲ ಏಳು ಗುಂಡು. ಖಾಲಿ ತೋಟೆಗಳನ್ನು ಬದಿಯ ಕಿಂಡಿಯಿಂದ ಒಂದೊಂದಾಗಿ ತಳ್ಳಿ ತೆಗೆದು, ಹೊಸದನ್ನು ಒಂದೊಂದಾಗಿಯೇ ತುಂಬಬೇಕು. ಅಷ್ಟು ಹೊತ್ತು ಎದುರಾಳಿ ಪಾಳಿಯಲ್ಲಿ ನಿಂತು ಕಾಯುವಂತೆ ಆಡಿಸಬಹುದು. ಪಿಸ್ತೂಲು ಮರದ್ದೇ ಇರಲಿ. ಸದ್ದಿಗೆ ಎರಡು ಅಡಿ ಉದ್ದದ, ಮುಕ್ಕಾಲು ಇಂಚು ದಪ್ಪದ ಹಲಗೆಯ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಹಗ್ಗದಿಂದ ಎತ್ತಿ ನೆಲಕ್ಕೆ ಬಿಟ್ಟರೆ ಸಾಕು. ಬೆಳಗಾವಿಯಿಂದ ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರಕ್ಕೋ ಬಾಗಲಕೋಟೆಗೋ ಈ ಸಾಮಾನು ಒಯ್ಯುವಾಗ ಬಸ್ಸಿನಲ್ಲಿ ಚೀಲದ ಬಾಯಿಯಿಂದ ಕಾಣುವಂತೆ ಇಡಬೇಡಿ. ನಳಿಗೆಯ ತುದಿಗೆ ಕೆಂಪು ಬಟ್ಟೆ ಸುತ್ತಿ, ಎಷ್ಟು ಮರದ ಪಿಸ್ತೂಲು, ಯಾವ ನಾಟಕಕ್ಕೆ, ಯಾವ ತಾರೀಖಿಗೆ ಎಂದು ತಂಡದ ಲೆಟರ್‌ಹೆಡ್ಡಿನಲ್ಲಿ ಬರೆದು, ಊರಿನ ಠಾಣೆಗೆ ಮುಂಚೆಯೇ ಒಂದು ಪ್ರತಿ ಕೊಟ್ಟು, ಆವಕ ನಂಬರು ಹಾಕಿಸಿಕೊಂಡ ಇನ್ನೊಂದು ಪ್ರತಿಯನ್ನು ಸಾಮಾನಿನ ಜೊತೆಗೇ ಇಟ್ಟುಕೊಳ್ಳಿ.

— ಹವ್ಯಾಸಿ ರಂಗಬಳಗದ ಗೆಳೆಯರು, ಬೆಳಗಾವಿ