ಮೇಲ್ದುಟಿ ಎತ್ತಿ ನೋಡು

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ನಾಮಕರಣದ ಮನೆಯಲ್ಲಿ ನಿನ್ನ ಪುಟ್ಟ ನನ್ನ ತೊಡೆಯ ಮೇಲೆ ನಿದ್ದೆಹೋದಾಗ ಮೆಲ್ಲಗೆ ಅವನ ಮೇಲ್ದುಟಿ ಎತ್ತಿ ನೋಡಿದೆ. ಮುಂದಿನ ಎರಡು ಹಲ್ಲುಗಳ ಬುಡದಲ್ಲಿ, ವಸಡಿಗೆ ಅಂಟಿದಂತೆ, ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಮಂಕಾದ ಬಿಳಿ ಗೆರೆ. ಸೆರಗಿನಿಂದ ಜೊಲ್ಲು ಒರೆಸಿದ ಮೇಲೆ ಇನ್ನೂ ಎದ್ದು ಕಂಡಿತು. ನೆಂಟರೆದುರು ಆಡುವ ಮಾತಲ್ಲವೆಂದು ಸುಮ್ಮನಾದೆ.

ಹುಳುಕು ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ ಕಣೇ. ಕಪ್ಪು ತೂತು ಬೀಳುವುದು ಆಮೇಲೆ. ಬಿಳಿ ಇರುವಾಗಲೇ ದಂತವೈದ್ಯರು ಫ್ಲೋರೈಡ್ ಹಚ್ಚಿ ತಡೆಯಬಹುದು. ಈ ವಾರವೇ ತೋರಿಸು. ಒಂದು ವರ್ಷ ತುಂಬುವುದರೊಳಗೇ ಒಮ್ಮೆ ತೋರಿಸಬೇಕಿತ್ತು, ಇವನಿಗಾಗಲೇ ಒಂದೂವರೆ.

'ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ' ಎನ್ನಬೇಡ. ನಾನೂ ಅಂದವಳೇ. ನಿನ್ನ ಅಣ್ಣನಿಗೆ ರಾತ್ರಿಯೆಲ್ಲ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿರಬೇಕಿತ್ತು. ಮೂರು ತುಂಬುವ ಹೊತ್ತಿಗೆ ಮೇಲಿನ ನಾಲ್ಕು ಹಲ್ಲು ಮೋಟಾಗಿದ್ದವು, ಕೆಳಗಿನವು ಮಾತ್ರ ಮುತ್ತಿನಂತಿದ್ದವು. ಕೆಳಗಿನ ಹಲ್ಲುಗಳಿಗೆ ನಾಲಿಗೆಯ ಮರೆ, ಜೊಲ್ಲಿನ ಕಾವಲು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾದಾಗ ಮೇಲಿನವಕ್ಕೆ ದಿಕ್ಕಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನಗೆ ಬುದ್ಧಿ ಬಂತು. ಆದರೆ ಅಷ್ಟರಲ್ಲಿ ದವಡೆಹಲ್ಲುಗಳಿಗೂ ಹುಳುಕು ಹಬ್ಬಿತ್ತು. ದವಡೆಯ ಹಾಲುಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕಾದದ್ದು. ಆ ಮಗು ರೊಟ್ಟಿ ಅಗಿಯಲಾರದೆ ಅತ್ತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಿನ್ನ ಮನೆಯಲ್ಲಿ ಬೇರೆ ಸೂಚನೆಗಳೂ ಇವೆ. ದೊಡ್ಡವಳ ಹಲ್ಲಿಗೆ ಈಗಾಗಲೇ ಸಿಮೆಂಟು ತುಂಬಿಸಿದ್ದೀಯೆ. ನಿನಗೂ ಎರಡು ಹುಳುಕು, ಬಸಿರಿನಲ್ಲಿ ಬೇಡವೆಂದು ಮುಂದೂಡಿದ್ದು ಇನ್ನೂ ಹಾಗೇ ಇದೆ. ನೀನು ರುಚಿ ನೋಡಿದ ಚಮಚದಿಂದಲೇ ಅವನಿಗೂ ಉಣ್ಣಿಸಿದರೆ ನಿನ್ನ ಬಾಯಿಯ ಕ್ರಿಮಿ ಅವನ ಬಾಯಿಗೆ ಹೋಗುತ್ತದೆ. ಮೊದಲು ನಿನ್ನದನ್ನು ಸರಿಮಾಡಿಸಿಕೊ. ಕೆಮ್ಮಿನ ಸಿರಪ್‌ ಸಿಹಿಯಾಗಿದ್ದರೆ, ಕುಡಿಸಿದ ಮೇಲೆ ಬಾಯಿ ಒರೆಸು.

ಕಲ್ಲುಸಕ್ಕರೆಯ ವಿಷಯಕ್ಕೆ ನಿನ್ನ ಅತ್ತೆಯವರೊಂದಿಗೆ ಜಗಳ ಬೇಡ. ಊಟದ ಜೊತೆಗೆ ಒಂದು ಚೂರು ಕೊಟ್ಟುಕೊಳ್ಳಲಿ. ದಿನವಿಡೀ ಚೀಪಿಸುವುದೇ ಹಲ್ಲಿಗೆ ಕೇಡು.

ರಾತ್ರಿ ಮಲಗುವ ಮುಂಚೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀನೇ ಉಜ್ಜು, ಬೆಳಿಗ್ಗೆಯೂ ಅಷ್ಟೇ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಅವನ ರಾತ್ರಿಯ ಹಾಲಿನ ಬಾಟಲಿ ಒಮ್ಮೆಲೇ ಬಿಡಿಸಿದರೆ ಮನೆ ಎದ್ದು ಕೂರುತ್ತದೆ. ದಿನಕ್ಕಿಷ್ಟು ಹಾಲು ಕಡಿಮೆ ಮಾಡಿ ನೀರು ಬೆರೆಸುತ್ತ ಬಾ. ನಿನ್ನ ಅಣ್ಣನ ಬೆಳ್ಳಿ ಲೋಟ ನನ್ನ ಪೆಟ್ಟಿಗೆಯಲ್ಲಿದೆ. ಭಾನುವಾರ ನಿನ್ನ ದೊಡ್ಡಪ್ಪ ಬರುವಾಗ ಕಳುಹಿಸುತ್ತೇನೆ, ಹಗಲು ಅದರಲ್ಲಿ ಕುಡಿಯಲಿ.

ಇಂತಿ,
ನಿನ್ನ ದೊಡ್ಡಮ್ಮ