ಬಾಡಿಗೆ ಮನೆ ಕೊಡೋವಾಗ ಕಾನೂನು ಯಾಕೆ ನೆನಪಾಗಲ್ಲ?

ಸಂಪಾದಕರಿಗೆ ನಮಸ್ಕಾರ,

2021ರಲ್ಲಿ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂದ್ರೆ ಟ್ರಾನ್ಸ್‌ಜೆಂಡರ್ ಜನರಿಗೆ, ಶೇ 1ರಷ್ಟು ಮೀಸಲಾತಿ ಕೊಟ್ಟ ರಾಜ್ಯ ನಮ್ಮದು, ದೇಶದಲ್ಲೇ ಮೊದಲು. ಅದೇ ವರ್ಷ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಂಡಾಗ ಎಲ್ಲರೂ ಖುಷಿಪಟ್ವಿ, ನಂಗಂತೂ ಕಣ್ಣು ತುಂಬಿ ಬಂದಿತ್ತು. ಆದ್ರೆ ಅದೇ ಸಮುದಾಯದ ಒಬ್ರು ಬೆಂಗಳೂರಲ್ಲಿ ಮನೆ ಹುಡುಕೋಕೆ ಹೋದ್ರೆ, ಕೈಯಲ್ಲಿ ಅಡ್ವಾನ್ಸ್ ದುಡ್ಡಿದ್ರೂ, ಕೆಲಸ ಇದ್ರೂ, ಬ್ರೋಕರ್ ಫೋನಲ್ಲಿ ಹೂಂ ಅಂದು ಮುಖ ನೋಡಿದ ಮೇಲೆ ಓನರ್ ಒಪ್ಪಲ್ಲ ಅಂತಾನೆ, ಸಿಕ್ಕಿದ್ರೂ ಬಾಡಿಗೆ ಜಾಸ್ತಿ, ಅಕ್ಕಪಕ್ಕದವರು ತಕರಾರು ತೆಗೆದ್ರೆ ರಾತ್ರೋರಾತ್ರಿ ಖಾಲಿ ಮಾಡಬೇಕು. ಇದು ಬರೀ ಓನರ್ ಇಷ್ಟದ ವಿಷಯ ಅಲ್ಲ ಸ್ವಾಮಿ. ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ಮನೆ ಕೊಡದೇ ಇರೋದನ್ನ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸಿದೆ. ಇದು ಎಷ್ಟು ಜನಕ್ಕೆ ಗೊತ್ತು?

ಗೇ, ಲೆಸ್ಬಿಯನ್ ಜೋಡಿಗಳಿಗೆ ಅಷ್ಟೂ ರಕ್ಷಣೆ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ವಿಚಾರದಲ್ಲಿ ಅವರ ಪ್ರೀತಿ ಅಪರಾಧ ಅಲ್ಲ ಅಂತು ನಿಜ, ಆದ್ರೆ ಮನೆ ಓನರ್ ಹೊರಗೆ ಹಾಕಿದ್ರೆ ಯಾವ ಕಾಯ್ದೆ ಹಿಡ್ಕೊಂಡು ಕೇಳೋದು? ಅದಕ್ಕೇ ಫ್ರೆಂಡ್ಸು, ಕಸಿನ್ಸು ಅಂತ ಸುಳ್ಳು ಹೇಳ್ಕೊಂಡು ಬದುಕ್ತಿದಾರೆ, ಸ್ವಂತ ಮನೇಲೂ ಭಯ.

ರಾಜ್ಯ ಸರ್ಕಾರ ಮನೆ, ಕೆಲಸ ಎರಡರಲ್ಲೂ ಇವರೆಲ್ಲರಿಗೂ ಅನ್ವಯ ಆಗೋ ತಾರತಮ್ಯ ವಿರೋಧಿ ಕಾನೂನು ತರಲಿ. ಅಲ್ಲಿವರೆಗೂ ಇರೋ ಕಾಯ್ದೆ ಬಗ್ಗೆ ಪ್ರತಿ ಪೊಲೀಸ್ ಸ್ಟೇಷನ್‌ನಲ್ಲಿ ಕನ್ನಡದಲ್ಲಿ ಬೋರ್ಡ್ ಹಾಕಿಸಲಿ, ದೂರು ಕೊಟ್ರೆ ಮರ್ಯಾದೆಯಿಂದ ಬರ್ಕೊಳ್ಳಲಿ.

ಇಂತಿ,
ಒಬ್ಬ ಓದುಗ, ಬೆಂಗಳೂರು