ಹಿತ್ತಲ ಹುಣಸೆ ಮರದ ವಿಚಾರ

ನ್ಯೂಯಾರ್ಕ್, ಭಾನುವಾರ ಬೆಳಿಗ್ಗೆ

ತೀರ್ಥರೂಪ ಅಪ್ಪನವರಿಗೆ ಮತ್ತು ಅಮ್ಮನಿಗೆ ರವಿಯು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಮಹೇಶನ ಕಾಗದ ತಲುಪಿದಂದಿನಿಂದ ಮನಸ್ಸು ನೆಟ್ಟಗಿಲ್ಲ. ಕಣ್ಣಿನ ಪೊರೆ ತೆಗೆಸುವ ಖರ್ಚಿಗೆಂದು ಹಿತ್ತಲ ಹುಣಸೆ ಮರವನ್ನು ವ್ಯಾಪಾರಿಗೆ ತೋರಿಸಿದಿರಂತೆ. ಕೊಂಬೆಯ ಮೇಲಿರುವುದು ಹೆಜ್ಜಾರ್ಲೆಯೋ ಕೊಕ್ಕರೆಯೋ ಎಂದು ಪುಟ್ಟಿಯನ್ನು ಕೇಳಿ ತಿಳಿಯುವಷ್ಟು ನಿಮ್ಮ ನೋಟ ಮಂಜಾಗಿದೆಯಂತೆ. ಮುಂಗಡ ಪಡೆದಿದ್ದರೆ ದಯವಿಟ್ಟು ಹಿಂದಿರುಗಿಸಿಬಿಡಿ. ಆ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂಬ ಕೊಕ್ಕರೆ ಬೆಳ್ಳೂರಿನ ಮಾತನ್ನು ನಿಮ್ಮ ಬಾಯಿಂದಲೇ ಕೇಳಿ ಬೆಳೆದವನು ನಾನು. ಗೂಡಿನಲ್ಲಿ ಮರಿಗಳಿವೆಯೆಂದು ಕಾಯಿ ಬಡಿಸದೆ ನೀವು ಬಿಟ್ಟುಕೊಟ್ಟ ಫಸಲುಗಳೂ ನನಗೆ ನೆನಪಿವೆ.

ನಾನಿರುವ ಮ್ಯಾನ್‌ಹಟನ್‌ನ ಉತ್ತರ ಭಾಗದಲ್ಲಿ ಹಕ್ಕಿಗಳು ಗೋಡೆ ಹತ್ತಿವೆ. ಜಾನ್ ಜೇಮ್ಸ್ ಆಡುಬಾನ್ ಎಂಬ ಪಕ್ಷಿ ಚಿತ್ರಕಾರರು ಕೊನೆಗಾಲದಲ್ಲಿ ವಾಸವಾಗಿದ್ದದ್ದು ಇಲ್ಲಿಯೇ, ಅವರ ಸಮಾಧಿಯೂ 155ನೆಯ ಬೀದಿಯ ಬಳಿಯ ಸ್ಮಶಾನದಲ್ಲಿದೆ. ಆ ನೆನಪಿಗೆ, ಭೂಮಿ ಬಿಸಿಯೇರುತ್ತಿರುವುದರಿಂದ ನೆಲೆ ತಪ್ಪಬಹುದಾದ ಉತ್ತರ ಅಮೆರಿಕದ ಹಕ್ಕಿಗಳನ್ನು 2014ರಿಂದ ಕಲಾವಿದರು ಈ ಬೀದಿಗಳ ಗೋಡೆಗಳ ಮೇಲೂ ಶಟರ್‌ಗಳ ಮೇಲೂ ಚಿತ್ರಿಸುತ್ತಿದ್ದಾರೆ. ಆಡುಬಾನ್ ಹೆಸರಿನ ಪಕ್ಷಿ ಸಂರಕ್ಷಣಾ ಸಂಸ್ಥೆಯ 2019ರ ವರದಿಯಲ್ಲಿ ಅಂಥವು 389 ಜಾತಿಗಳಿದ್ದವು. ಹಲವು ಚಿತ್ರಗಳು ಅಂಗಡಿಗಳ ಶಟರ್ ಮೇಲೆ ಇರುವುದರಿಂದ, ಅಂಗಡಿಯವನು ಬಾಗಿಲು ತೆಗೆದ ಕೂಡಲೇ ಹಕ್ಕಿ ಸುರುಳಿ ಸುತ್ತಿಕೊಂಡು ಮಾಯವಾಗುತ್ತದೆ! ಅದಕ್ಕಾಗಿಯೇ ಭಾನುವಾರ ಬೇಗನೆ ಎದ್ದು ನೋಡಲು ಹೋಗುತ್ತೇನೆ. ಬಣ್ಣ ಬಳಿದರೆ ಹಕ್ಕಿ ಉಳಿಯುವುದೇ ಎಂದು ನೀವು ಕೇಳುವಿರಿ. ಉಳಿಯಲಾರದು, ಆದರೆ ಹಾಲಿಗೆಂದು ಹೊರಟವರು ನಿಂತು, ಇದು ಯಾವ ಹಕ್ಕಿ ಎಂದು ಪಕ್ಕದವರನ್ನು ವಿಚಾರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಈ ಜನರನ್ನು ಹಾಸ್ಯ ಮಾಡಲು ನನಗೆ ಮನಸ್ಸು ಬಾರದು. ನಮ್ಮ ಹಿತ್ತಲಿನ ಫೋಟೋ ತೋರಿಸಿದಾಗ, ಮನೆಯ ಮರದಲ್ಲಿ ಇಷ್ಟು ದೊಡ್ಡ ಹಕ್ಕಿ ಗೂಡು ಕಟ್ಟುವುದೇ ಎಂದು ಜೊತೆಯ ಕೆಲಸಗಾರರೊಬ್ಬರು ನಂಬಲೇ ಇಲ್ಲ.

ಮಹೇಶನ ಖಾತೆಗೆ ನಲವತ್ತೈದು ಸಾವಿರ ರೂಪಾಯಿ ಹಾಕಿದ್ದೇನೆ. ಪೊರೆ ಬಲಿಯುವವರೆಗೆ ಕಾಯಬೇಕೆಂಬುದು ಹಳೆಯ ಕಾಲದ ಮಾತು, ಈಗ ಹಾಗಿಲ್ಲ. ಈ ವಾರವೇ ಮಂಡ್ಯಕ್ಕೆ ಹೋಗಿ ತೋರಿಸಿ. ನನಗೆ ಯಾವ ತೊಂದರೆಯೂ ಇಲ್ಲ, ಸಾಲ ಮಾಡಿಲ್ಲ, ಬಾಡಿಗೆ ಕಟ್ಟಿದೆ, ಎರಡು ಹೊತ್ತೂ ಅನ್ನ ಮಾಡಿಕೊಳ್ಳುತ್ತೇನೆ, ಅಮ್ಮನಿಗೆ ಇದನ್ನು ಎರಡು ಸಲ ಓದಿ ಹೇಳಿ. ಆಪರೇಷನ್ ಆದ ಮೇಲೆ ಕೆಲವು ವಾರ ಮರದ ಕೆಳಗೆ ಕೂರಬೇಡಿ, ಹಿಕ್ಕೆ ಕಣ್ಣಿಗೆ ಬಿದ್ದೀತು, ಜಗಲಿಯಿಂದಲೇ ನೋಡಿ.

ಪಾಳಿಗೆ ಹೊತ್ತಾಯಿತು. ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗ,
ರವಿ